ಬಸುರಿಯ ಬಾಯಿ ಯಾರ ಪಾಲು?

ತಾಯಿ ಕಾರ್ಡಿನಲ್ಲಿ ಹೃದಯಕ್ಕೆ ಜಾಗ ಉಂಟು, ಶ್ವಾಸಕೋಶಕ್ಕೆ ಉಂಟು, ಸ್ತನಕ್ಕೂ ಉಂಟು. ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರದ ಆಲ್ಬುಮಿನ್, ಸಕ್ಕರೆ, ಕಾಲಿನ ಬಾವು, ಮಗುವಿನ ಎದೆಬಡಿತ, ಹೀಗೆ ಎಲ್ಲಕ್ಕೂ ಚೌಕ ಹಾಕಿಟ್ಟಿದ್ದಾರೆ. ನನ್ನ ಕೈಗೆ ಬಂದ ಕಾರ್ಡನ್ನು ಹಿಂದೆ ಮುಂದೆ ತಿರುವಿ ಹಾಕಿದೆ. ಹಲ್ಲಿಗಾಗಲಿ ವಸಡಿಗಾಗಲಿ ಒಂದು ಗೆರೆಯೂ ಸಿಗಲಿಲ್ಲ. ವಾಂತಿ ಆಗ್ತಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ಆ ವಾಂತಿ ಯಾವ ದಾರಿಯಾಗಿ ಹೊರಗೆ ಬರುತ್ತದೆ ಎನ್ನುವುದು ಮಾತ್ರ ಯಾರಿಗೂ ಹೊಳೆದ ಹಾಗಿಲ್ಲ.

*

ತಂಗಿಯ ಮಗಳನ್ನು ಭದ್ರಾವತಿಗೆ ಕೊಟ್ಟಿದ್ದೇವೆ. ಮೂರನೇ ತಿಂಗಳ ಸುಸ್ತಿಗೆ ಸ್ವಲ್ಪ ದಿನ ಇದ್ದು ಹೋಗಲಿ ಎಂದು ಶಿವಮೊಗ್ಗಕ್ಕೆ, ರವೀಂದ್ರನಗರದ ನಮ್ಮ ಮನೆಗೆ ಕರೆಸಿಕೊಂಡೆವು. ನಾನು ಈ ಟಿಪ್ಪಣಿ ಬರೆಯಲು ಶುರುಮಾಡಿದ್ದು ಅವಳು ಹಲ್ಲುಜ್ಜುವುದನ್ನು ನೋಡಿ.

ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿರುತ್ತದೆ. ಬ್ರಷ್ಷಿಗೆ ಪೇಸ್ಟು ಹಾಕುವಾಗಲೇ ಅವಳು ಮುಖ ತಿರುಗಿಸುತ್ತಾಳೆ, ಅದರ ಘಾಟು ತಡೆಯುವುದಿಲ್ಲ. ಮುಂದಿನ ನಾಲ್ಕು ಹಲ್ಲು ಹೇಗೋ ಆಗುತ್ತದೆ. ಬ್ರಷ್ಷು ದವಡೆ ಹಲ್ಲಿಗೆ ಹೋದದ್ದೇ ತಡ, ಓಕರಿಕೆ. ನೊರೆ, ಕಣ್ಣೀರು, ಸಿಂಕಿನ ಅಂಚು ಹಿಡಿದುಕೊಂಡ ಕೈ. ಅಮ್ಮ ತಮ್ಮ ಕಾಲದ ನಂಜನಗೂಡು ಹಲ್ಲುಪುಡಿ ತೆಗೆದುಕೊಟ್ಟರು. 1913ರಲ್ಲಿ ಬಿ.ವಿ. ಪಂಡಿತರು ಶುರುಮಾಡಿದ ಸದ್ವೈದ್ಯಶಾಲೆಯ ಪುಡಿ, ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಬಾಯಿ ತೊಳೆದದ್ದು. ಅದರ ವಾಸನೆ ಪರವಾಗಿಲ್ಲ ಎಂದಳು. ಬೆರಳಲ್ಲಿ ತಿಕ್ಕಿದಳು. ಉಗುಳಿದಾಗ ನೀರಿನಲ್ಲಿ ಸಣ್ಣ ಕೆಂಪು ಎಳೆ ಕಂಡಿತು.

"ದೊಡ್ಡಮ್ಮ, ರಕ್ತ!"

ಬಸುರಿಯ ಮೈಯಲ್ಲಿ ಎಲ್ಲಿ ರಕ್ತ ಕಂಡರೂ ಮನೆಯೆಲ್ಲ ನಡುಗುತ್ತದೆ. ಮಾರನೇ ದಿನದಿಂದ ಬರೀ ನೀರು ಮುಕ್ಕಳಿಸಿ ಉಗುಳಿದಳು. ವಸಡಿಗೆ ತೊಂದರೆ ಆಗದಿರಲಿ ಎಂದೇ ಹಾಗೆ ಮಾಡಿದ್ದು. ವಸಡು ಇನ್ನೂ ಊದಿತು, ರಕ್ತ ಇನ್ನೂ ಬಂತು.

*

ಇದು ಹೊಸ ವಿಷಯವೇನಲ್ಲ. 1963ರಲ್ಲೇ ಲೋ ಮತ್ತು ಸಿಲ್ನೆಸ್ ಎಂಬ ಇಬ್ಬರು ಸ್ಕ್ಯಾಂಡಿನೇವಿಯಾದಲ್ಲಿ ಬಸುರಿಯರ ವಸಡು ಪರೀಕ್ಷಿಸಿ ಬರೆದಿಟ್ಟಿದ್ದಾರೆ. ಎರಡನೇ ತಿಂಗಳಿಂದ ವಸಡಿನ ಉರಿಯೂತ ಏರುತ್ತ ಹೋಗಿ ಎಂಟನೇ ತಿಂಗಳಿಗೆ ತುತ್ತತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಈಗಿನ ವೈದ್ಯಸಂಘಗಳು ಒಪ್ಪುವ ಲೆಕ್ಕ ನೂರಕ್ಕೆ ಅರವತ್ತರಿಂದ ಎಪ್ಪತ್ತೈದು ಬಸುರಿಯರು. ಅಂದರೆ ಆಸ್ಪತ್ರೆಯ ಒಂದು ಬೆಂಚಿನಲ್ಲಿ ನಾಲ್ವರು ಕೂತಿದ್ದರೆ ಇಬ್ಬರು ಮೂವರ ವಸಡಿನಲ್ಲಿ ರಕ್ತ ಬರುತ್ತಿರುತ್ತದೆ. ಕೆಲವರಿಗೆ ಹಲ್ಲುಗಳ ಸಂದಿಯಲ್ಲಿ ಕೆಂಪಗಿನ ಗುಳ್ಳೆಯೊಂದು ಎದ್ದು ಗಾಬರಿ ಹುಟ್ಟಿಸುತ್ತದೆ. ಹೆಚ್ಚಿನವರಲ್ಲಿ ಹೆರಿಗೆಯಾದ ಮೇಲೆ ತಾನಾಗಿ ಇಂಗುತ್ತದೆ.

ಬಸುರಿನ ಹಾರ್ಮೋನುಗಳು ವಸಡಿನ ರಕ್ತನಾಳಗಳನ್ನು ಸೂಕ್ಷ್ಮ ಮಾಡುತ್ತವೆ. ಆದರೆ ಹಾರ್ಮೋನು ಒಂದೇ ಏನೂ ಮಾಡದು, ಹಲ್ಲಿನ ಬುಡದಲ್ಲಿ ಕೊಳೆ ಇರಬೇಕು. ಕೊಳೆ ಇದ್ದರೆ ಮಾತ್ರ ಈ ಸಮಯದಲ್ಲಿ ವಸಡು ದುಪ್ಪಟ್ಟು ಸಿಟ್ಟಾಗುತ್ತದೆ. ಹಾಗಾಗಿ ರಕ್ತ ಬಂದಾಗ ಉಜ್ಜುವುದನ್ನು ನಿಲ್ಲಿಸಬಾರದು, ಮೆದು ಬ್ರಷ್ಷಿನಿಂದ ನಿಧಾನಕ್ಕೆ ಇನ್ನೂ ಚೆನ್ನಾಗಿ ಉಜ್ಜಬೇಕು. ಮನೆಯ ಬುದ್ಧಿ ಹೇಳುವುದಕ್ಕೆ ಪೂರಾ ಉಲ್ಟಾ.

ವಾಂತಿಯ ವಿಷಯದಲ್ಲೂ ಹಾಗೇ. ವಾಂತಿಯಾದ ಕೂಡಲೇ ಬಾಯಿ ಹುಳಿಹುಳಿ ಎಂದು ಉಜ್ಜಲು ಓಡುತ್ತಾರೆ. ಹೊಟ್ಟೆಯ ಆಮ್ಲಕ್ಕೆ ಆಗಷ್ಟೇ ಮೆತ್ತಗಾದ ಎನಾಮಲ್ ಆ ತಿಕ್ಕಾಟಕ್ಕೆ ಸವೆದು ಹೋಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಬ್ರಷ್ ಹಿಡಿದರಾಯಿತು. ಯಾವ ಅಡುಗೆಮನೆಯಲ್ಲಿ ಸೋಡಾ ಇಲ್ಲ? ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಯಾರ ಡ್ಯೂಟಿಯಲ್ಲೂ ಇಲ್ಲ.

*

ಒಂಬತ್ತನೇ ತಾರೀಕು, ಸರ್ಕಾರಿ ಆರೋಗ್ಯ ಕೇಂದ್ರ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಪ್ರಕಾರ ಪ್ರತಿ ತಿಂಗಳ ಈ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ನೋಡಬೇಕು, ಪುಕ್ಕಟೆ. ಬೆಂಚು ಸಾಲದೆ ಗೋಡೆಗೆ ಒರಗಿ ನಿಂತವರು, ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಮೂತ್ರದ ಡಬ್ಬಿ. ಆಶಾ ಕಾರ್ಯಕರ್ತೆಯರು ತಮ್ಮ ತಮ್ಮ ಏರಿಯಾದವರನ್ನು ಹೆಸರು ಹಿಡಿದು ಕೂಗುತ್ತಾರೆ.

ಅದೇ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು. ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಜೊತೆಗೆ ಬಾಯಿ ಕ್ಯಾನ್ಸರ್ ತಪಾಸಣೆ. ನರ್ಸು ಟಾರ್ಚು ಹಿಡಿದು "ಆ ಮಾಡಿ, ನಾಲಿಗೆ ಎತ್ತಿ, ಈ ಕಡೆ ಕೆನ್ನೆ" ಎನ್ನುತ್ತಾರೆ. ನಲವತ್ತೈದರ ಗಂಡಸೊಬ್ಬರು ಗುಟ್ಕಾ ಕಲೆಯ ಹಲ್ಲು ತೋರಿಸಿ ನಾಚಿಕೊಂಡರು. ಅವರಿಂದ ಮೂರು ಅಡಿ ದೂರದಲ್ಲಿ ಇಪ್ಪತ್ತಮೂರರ ಹುಡುಗಿ ಕೆನ್ನೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದಳು, ಕೆನ್ನೆ ಸ್ವಲ್ಪ ಊದಿಯೇ ಇತ್ತು. ಅವಳ ಬಿಪಿ ನೋಡಿದರು, ಹೊಟ್ಟೆ ನೋಡಿದರು, ಕಾಲಿನ ಮೇಲೆ ಬೆರಳೊತ್ತಿ ಬಾವು ನೋಡಿದರು. ಕೆನ್ನೆಯ ಬಾವು ನೋಡಲಿಲ್ಲ. ಅದೇ ಟಾರ್ಚು, ಅದೇ ನರ್ಸು, ಅದೇ ರೂಮು.

ಸಂದು ಸಿಕ್ಕಾಗ ಸಿಸ್ಟರನ್ನೇ ಕೇಳಿದೆ. ಅವರು ಸಿಡುಕಲಿಲ್ಲ.

"ಕೇಳಿದ್ರೆ ಎಲ್ರೂ ಹೇಳ್ತಾರೆ ಮೇಡಂ, ಹಲ್ಲು ನೋವಿದೆ ಅಂತ. ಹೇಳಿದ್ಮೇಲೆ ಎಲ್ಲಿಗೆ ಕಳಿಸ್ಲಿ? ಇಲ್ಲಿ ಕುರ್ಚಿ ಇಲ್ಲ, ಡೆಂಟಲ್ ಡಾಕ್ಟ್ರಿಲ್ಲ. ದೊಡ್ಡಾಸ್ಪತ್ರೆಗೆ ಬರೆದ್ರೆ ಅರ್ಧ ಜನ ಹೋಗಲ್ಲ. ಆಮೇಲೆ ನನ್ನನ್ನೇ ಬೈಯ್ತಾರೆ."

ಪ್ರಾಮಾಣಿಕ ಉತ್ತರ. ಬರೆದುಕೊಂಡೆ.

*

ಕಾಗದದಲ್ಲಿ ಬಾಯಿ ಮರೆತುಹೋಗಿಲ್ಲ. 2014ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. 2018ರಲ್ಲಿ ಪ್ರಾಥಮಿಕ ಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಲು ಹೊರಟಾಗ ಹನ್ನೆರಡು ಬಗೆಯ ಸೇವೆ ಪಟ್ಟಿ ಮಾಡಿದರು, ಅದರಲ್ಲಿ ಮೂಲಭೂತ ಬಾಯಿ ಆರೈಕೆಯೂ ಸೇರಿದೆ. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಪಟ್ಟಣಗಳಲ್ಲಿ 'ನಮ್ಮ ಕ್ಲಿನಿಕ್'ಗಳು ಬಾಗಿಲು ತೆಗೆದವು, ಡಾಕ್ಟರು, ನರ್ಸು, ಲ್ಯಾಬಿನವರು ಇದ್ದಾರೆ. ದಂತವೈದ್ಯರು ಸಿಗಬೇಕೆಂದರೆ ತಾಲ್ಲೂಕು ಆಸ್ಪತ್ರೆಯಂಥ ಕಡೆಗೇ ಹೋಗಬೇಕು. ಶಿವಮೊಗ್ಗದವರಿಗೆ ಅದೂ ದೂರವಲ್ಲ. ಸಾಗರ ರಸ್ತೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ಆಲ್ಕೊಳದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜೇ ಇದೆ. ರಾಜ್ಯದ ತುಂಬ ದಂತ ಕಾಲೇಜುಗಳು, ದೇಶದಲ್ಲೇ ಇಷ್ಟು ಇರುವ ರಾಜ್ಯಗಳು ಕಡಿಮೆ. ಕುರ್ಚಿಗಳೂ ಇವೆ, ಹಲ್ಲಿನ ಡಾಕ್ಟರಾಗಲು ಹೊರಟ ಹುಡುಗ ಹುಡುಗಿಯರೂ ಇದ್ದಾರೆ, ಬಸುರಿಯರೂ ಇದ್ದಾರೆ. ಈ ಮೂವರು ಒಂದೇ ಊರಿನಲ್ಲಿದ್ದೂ ಭೇಟಿಯಾಗದೆ ಇರುವುದು ಹೇಗೆ ಸಾಧ್ಯ ಎಂಬುದೇ ನನ್ನ ತಲೆಗೆ ಹೋಗದ ಸಂಗತಿ.

*

ನಮ್ಮ ಹುಡುಗಿಯ ದವಡೆ ಹಲ್ಲು ತೂತಾಗಿತ್ತು. ನೋವು ಶುರುವಾದ ಮೇಲೆ ಆದ ಸುತ್ತಾಟ ಹೀಗೆ.

ಹಲ್ಲಿನ ಡಾಕ್ಟರು, ಬಾಯಿ ನೋಡುವ ಮೊದಲೇ: "ಎಷ್ಟು ತಿಂಗಳು? ನಿಮ್ಮ ಗೈನಕಾಲಜಿಸ್ಟ್ ಹತ್ರ ಬರೆಸಿಕೊಂಡು ಬನ್ನಿ."

ಹೆರಿಗೆ ಡಾಕ್ಟರು, ಚೀಟಿ ನೋಡುತ್ತ: "ಹಲ್ಲಿನ ವಿಷಯ ಅವರಿಗೇ ಗೊತ್ತಿರುತ್ತಲ್ಲಮ್ಮಾ. ತಡೆಯೋಕಾದ್ರೆ ತಡ್ಕೊ. ಡೆಲಿವರಿ ಆಗ್ಲಿ."

ಅತ್ತೆ, ಭದ್ರಾವತಿಯಿಂದ ಫೋನಿನಲ್ಲಿ: "ಹೊಟ್ಟೇಲಿ ಮಗು ಇಟ್ಕೊಂಡು ಯಾರಾದ್ರೂ ಹಲ್ಲಿಗೆ ಕೈ ಹಾಕಿಸ್ತಾರಾ? ಇಂಜೆಕ್ಷನ್ ಬೇರೆ ಕೊಡ್ತಾರೆ. ಲವಂಗ ಇಟ್ಕೊಳ್ಳೋಕೆ ಹೇಳಿ."

ಮೆಡಿಕಲ್ ಶಾಪಿನ ಹುಡುಗ ಒಬ್ಬನೇ ತಡ ಮಾಡದೆ ಉಪಾಯ ಹೇಳಿದ್ದು, ಎರಡು ಬಗೆಯ ಮಾತ್ರೆ ಪೊಟ್ಟಣಕ್ಕೆ ಹಾಕಿಕೊಟ್ಟ. ಬಸುರಿಯೇ ಎಂದು ಕೇಳಲೂ ಇಲ್ಲ. ಪೊಟ್ಟಣ ಬಿಚ್ಚದೆ ವಾಪಸು ಕೊಟ್ಟು ಬಂದೆ.

ಇದರಲ್ಲಿ ನಗು ಬರಿಸುವ ಸಂಗತಿಯೊಂದಿದೆ. ಎಲ್ಲರೂ ಹೆದರುವುದು ಮಾಡಬಹುದಾದ ಚಿಕಿತ್ಸೆಗೆ. ಹೆದರಬೇಕಾದ್ದು ಕೇಳದೆ ನುಂಗುವ ಮಾತ್ರೆಗೆ. ಹಲ್ಲು ಕ್ಲೀನ್ ಮಾಡಿಸುವುದು, ಸಿಮೆಂಟ್ ತುಂಬಿಸುವುದು, ಬೇಕಾದರೆ ಕೀಳಿಸುವುದು, ಲಿಗ್ನೊಕೇನ್ ಸೂಜಿ ಕೊಟ್ಟು ಮರಗಟ್ಟಿಸುವುದು, ಎಚ್ಚರಿಕೆಯಿಂದ ಒಂದು ಎಕ್ಸ್‌ರೇ, ಇವೆಲ್ಲ ಬಸುರಿನಲ್ಲಿ ಸುರಕ್ಷಿತ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲೇ ತನ್ನ ವೈದ್ಯರಿಗೆ ಲಿಖಿತವಾಗಿ ತಿಳಿಸಿದೆ. ಅದೇ ಟೆಟ್ರಾಸೈಕ್ಲಿನ್ ಗುಂಪಿನ ಮಾತ್ರೆ ತಗೊಂಡರೆ ಹುಟ್ಟುವ ಮಗುವಿನ ಹಲ್ಲಿಗೆ ಬಣ್ಣ ಹಿಡಿಯಬಹುದು. ಐಬುಪ್ರೊಫೇನ್ ಐದನೇ ತಿಂಗಳು ಕಳೆದ ಮೇಲೆ ಬೇಡವೇ ಬೇಡ. ಹಲ್ಲುನೋವಿಗೆಂದು ಅಂಗಡಿಯಲ್ಲಿ ಕೈಗೆ ಸುಲಭಕ್ಕೆ ಸಿಗುವುದು ಇಂಥವೇ.

*

ತಿಂಗಳ ಲೆಕ್ಕ ಹಾಕಿದಾಗ ಇನ್ನೊಂದು ಗೊತ್ತಾಯಿತು. ಹಲ್ಲಿನ ಕೆಲಸಕ್ಕೆ ಹದವಾದ ಕಾಲ ನಾಲ್ಕರಿಂದ ಆರನೇ ತಿಂಗಳು. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಆ ತಿಂಗಳುಗಳಲ್ಲಿ ಹುಡುಗಿ ಎಲ್ಲಿರುತ್ತಾಳೆ? ಗಂಡನ ಮನೆಯಲ್ಲಿ. ಸೊಸೆ ತನಗೆ ಹಲ್ಲುನೋವು ಎಂದು ಆಟೋ ಕೇಳುವುದು ಅಷ್ಟು ಸುಲಭದ ಮಾತಲ್ಲ. ಏಳನೇ ತಿಂಗಳಿಗೆ ಸೀಮಂತ, ಹಸಿರು ಬಳೆ, ಆಮೇಲೆ ತವರು. ತವರಿನಲ್ಲಿ ಬಾಯಿಬಿಟ್ಟು ಹೇಳುತ್ತಾಳೆ, ತಾಯಿ ಕರೆದುಕೊಂಡು ಹೋಗುತ್ತಾಳೆ. ಅಷ್ಟೊತ್ತಿಗೆ ಹಲ್ಲಿನ ಕುರ್ಚಿಯಲ್ಲಿ ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ. ಬಲಗಡೆ ಸೊಂಟದ ಕೆಳಗೆ ದಿಂಬು ಇಟ್ಟು ಎಡಕ್ಕೆ ವಾಲಿಸಿದರೆ ಸರಿಹೋಗುತ್ತದೆ, ಆದರೂ ಡಾಕ್ಟರು ಹಿಂಜರಿಯುತ್ತಾರೆ.

ನಮ್ಮ ಹುಡುಗಿಗೆ ಕಾರ್ಡು ಮಾಡಿಸಿದ್ದು ಭದ್ರಾವತಿ, ಹೆರಿಗೆ ಶಿವಮೊಗ್ಗ. ಇಪ್ಪತ್ತು ಕಿಲೋಮೀಟರು ದೂರ, ಹತ್ತು ನಿಮಿಷಕ್ಕೊಂದು ಬಸ್ಸು. ಅಲ್ಲಿಯ ಆಶಾಗೆ ಇವಳು ಹೋದವಳು, ಇಲ್ಲಿಯ ಆಶಾಗೆ ಇವಳು ಬಂದವಳು. ಕಬ್ಬಿಣದ ಮಾತ್ರೆಯ ಲೆಕ್ಕ ಇಬ್ಬರೂ ಕೇಳಿದರು.

*

ಸರ್ಕಾರದ ತಜ್ಞರು ಯಾಕೆ ಬಸುರಿಯ ಬಾಯಿಯ ವಿಷಯದಲ್ಲಿ ಇಷ್ಟು ತಣ್ಣಗಿದ್ದಾರೆ ಎಂದು ಹುಡುಕುತ್ತ ಹೋದೆ. ಒಂದು ಕಾಲಕ್ಕೆ ಬಿಸಿ ಏರಿತ್ತು. 1996ರಲ್ಲಿ ಅಮೆರಿಕದ ಸ್ಟೀವನ್ ಆಫೆನ್‌ಬ್ಯಾಕರ್ ಮತ್ತು ಜೊತೆಗಾರರು ವಸಡಿನ ಸೋಂಕು ಜಾಸ್ತಿ ಇದ್ದ ತಾಯಂದಿರಿಗೆ ದಿನ ತುಂಬದ, ತೂಕ ಕಡಿಮೆಯ ಮಕ್ಕಳು ಹುಟ್ಟುವುದು ಹೆಚ್ಚು ಎಂದು ಬರೆದರು. ಹಾಗಿದ್ದರೆ ವಸಡು ಸರಿಮಾಡಿಸಿದರೆ ಅಂಥ ಹೆರಿಗೆ ತಪ್ಪಬೇಕಲ್ಲ? 2006ರಲ್ಲಿ 823 ಬಸುರಿಯರ ಮೇಲೆ ಪರೀಕ್ಷೆ ನಡೆಸಿದ ಫಲಿತಾಂಶ ಬಂತು. ವಸಡಿಗೆ ಬಸುರಿನಲ್ಲೇ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 12.0, ಹೆರಿಗೆಯ ನಂತರ ಪಡೆದವರಲ್ಲಿ 12.8 ಮಂದಿಗೆ ಅವಧಿಗೆ ಮೊದಲೇ ಹೆರಿಗೆ. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಉತ್ಸಾಹ ಇಳಿಯಿತು. ಮಲಾವಿ ದೇಶದಲ್ಲಿ ಹತ್ತು ಸಾವಿರ ಹೆಂಗಸರಲ್ಲಿ ಒಂದು ಗುಂಪಿಗೆ ಜೈಲಿಟಾಲ್ ಎಂಬ ಸಿಹಿಯ ಚೂಯಿಂಗ್ ಗಮ್ ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಮತ್ತೆ ಆಸೆ ಹುಟ್ಟಿಸಿದೆ, ಗಮ್ ಸಿಗದವರಲ್ಲಿ ಅವಧಿಪೂರ್ವ ಹೆರಿಗೆ ನೂರಕ್ಕೆ 16.5 ಇದ್ದರೆ ಸಿಕ್ಕವರಲ್ಲಿ 12.6 ಇತ್ತು. ಇನ್ನೂ ವಾದ ನಡೆದಿದೆ.

ನನಗೆ ಗೊಂದಲ ಇರುವುದು ಅಂಕಿಯಲ್ಲಿ ಅಲ್ಲ. ಅದೇ 2006ರ ಅಧ್ಯಯನ ಇನ್ನೆರಡು ಮಾತು ಹೇಳಿತ್ತು: ಬಸುರಿನಲ್ಲಿ ವಸಡಿನ ಚಿಕಿತ್ಸೆಯಿಂದ ಅಪಾಯ ಇಲ್ಲ, ವಸಡು ವಾಸಿಯಾಗುತ್ತದೆ. ಅದು ಸಾಲಲಿಲ್ಲವೇ? ಒಬ್ಬ ಹೆಂಗಸಿನ ಹಲ್ಲುನೋವಿಗೆ ಮದ್ದು ಮಾಡಲು ಹೊಟ್ಟೆಯೊಳಗಿನ ಮಗುವಿನಿಂದ ಶಿಫಾರಸು ಚೀಟಿ ತರಬೇಕೇ? ಗಂಡಸಿನ ಹಲ್ಲುನೋವಿಗೆ ಯಾರೂ ಇಂಥ ಪುರಾವೆ ಕೇಳಿದ್ದು ನಾನು ಕಂಡಿಲ್ಲ. ರಾತ್ರಿಯೆಲ್ಲ ಕೂತು ಬೆಳಗು ಮಾಡಿದ ಬಸುರಿ, ಒಂದು ಕಡೆಯಲ್ಲೇ ಜಗಿದು ಅರ್ಧ ರೊಟ್ಟಿ ಬಿಟ್ಟ ಬಸುರಿ, ಇವಳಿಗೆ ಬೇರೆ ಕಾರಣ ಬೇಕಿಲ್ಲ.

ಊಟದ ವಿಷಯ ಬಂತಲ್ಲ, ಅಂಗನವಾಡಿಯ ಮಾತೃಪೂರ್ಣದ ತಟ್ಟೆ ಇದ್ದೇ ಇದೆ. 2017ರ ಅಕ್ಟೋಬರ್ ಎರಡರಿಂದ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಚಿಕ್ಕಿಯನ್ನು ಕೆನ್ನೆಯ ಒಂದೇ ಬದಿಗೆ ದೂಡಿಕೊಂಡು ಚೀಪುವವರನ್ನು ನೋಡಿದ್ದೇನೆ.

*

"ಒಂದು ಹೆತ್ರೆ ಒಂದು ಹಲ್ಲು ಹೋಗುತ್ತೆ ಕಣೇ." ಅಮ್ಮನ ಮಾತು. ಅವರು ಐದು ಹೆತ್ತವರು, ಲೆಕ್ಕ ತೋರಿಸಲು ಬಾಯಿಯನ್ನೇ ತೆರೆದು ತೋರಿಸಿದರು. ಇಂಗ್ಲಿಷರಲ್ಲೂ ಇದೇ ಗಾದೆ ಇದೆಯಂತೆ. ಮಗು ತಾಯಿಯ ಹಲ್ಲಿನಿಂದ ಸುಣ್ಣ ಹೀರಿಕೊಳ್ಳುತ್ತದೆ ಎನ್ನುವುದು ಸುಳ್ಳು. ಹಲ್ಲಿನ ಎನಾಮಲ್‌ಗೆ ರಕ್ತನಾಳವೇ ಇಲ್ಲ, ಅಲ್ಲಿಂದ ಹೀರಲು ದಾರಿ ಇಲ್ಲ. ಮಗುವಿಗೆ ಬೇಕಾದ್ದು ತಾಯಿಯ ಊಟದಿಂದ ಹೋಗಬೇಕು, ಊಟ ಸಾಲದಿದ್ದರೆ ಮೂಳೆಯಿಂದ. ಅದಕ್ಕೇ ಸರ್ಕಾರ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡುವುದು, ಕಬ್ಬಿಣದ್ದು ಬೇರೆ ಹೊತ್ತಿಗೆ.

ಆದರೆ 2008ರಲ್ಲಿ ಅಮೆರಿಕದ ಹೆಂಗಸರ ಲೆಕ್ಕ ತೆಗೆದಾಗ ಹೆಚ್ಚು ಹೆತ್ತವರ ಬಾಯಲ್ಲಿ ಹಲ್ಲು ಕಡಿಮೆ ಇದ್ದದ್ದು ನಿಜವೆಂದೇ ಕಂಡಿತು. ಅಮ್ಮ ಹೇಳಿದ ಕಾರಣ ತಪ್ಪು, ಲೆಕ್ಕ ಸರಿ. ಪ್ರತಿ ಬಸುರಿನಲ್ಲೂ ಹಲ್ಲಿನ ಕೆಲಸ ಮುಂದಕ್ಕೆ ಹಾಕುತ್ತ ಹೋದರೆ ಐದು ಹೆರಿಗೆಗೆ ಐದು ಹಲ್ಲು ಹೋಗುವುದಕ್ಕೆ ಮಗು ಏನೂ ಕದಿಯಬೇಕಾಗಿಲ್ಲ.

*

ಬಾಣಂತಿಗೆ ಊಟವಾದ ಮೇಲೆ ಎಲೆ ಅಡಿಕೆ. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಎಂದು ಈಗಿನವರೂ ವಿಜ್ಞಾನ ಸೇರಿಸಿ ಹೇಳುತ್ತಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ಹೌದು. ಅಡಿಕೆಯನ್ನು, ತಂಬಾಕು ಇಲ್ಲದ ಬರಿ ಅಡಿಕೆಯನ್ನೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿರುವುದೂ ಹೌದು. ನಮ್ಮ ಜಿಲ್ಲೆಯಲ್ಲಿ ಇದನ್ನು ಜೋರಾಗಿ ಹೇಳುವ ಧೈರ್ಯ ಕಡಿಮೆ ಜನಕ್ಕಿದೆ, ನಮ್ಮ ಮನೆಯ ಮದುವೆಗಳೂ ಅಡಿಕೆ ದುಡ್ಡಿನಲ್ಲೇ ನಡೆದಿವೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಬರೆಯುತ್ತಿದ್ದೇನೆ. ಎಲೆಯನ್ನು ಅಡಿಕೆ ಬಿಟ್ಟು ಒಂದು ಚೂರು ಓಮಿನ ಜೊತೆ ಕೊಡಿ ಎಂದೆ. ಅಮ್ಮ ನನ್ನನ್ನು ಒಂಥರಾ ನೋಡಿದರು.

*

2007ರಲ್ಲಿ ಬಂದ ಮಡಿಲು ಕಿಟ್ ನೆನಪಿದೆಯೇ? ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಡುತ್ತಿದ್ದ ಚೀಲ. ಸೊಳ್ಳೆಪರದೆ, ಹೊದಿಕೆ, ಸೋಪು, ಹೊಟ್ಟೆಗೆ ಕಟ್ಟುವ ಬಟ್ಟೆ, ಬಾಚಣಿಗೆ, ಕೊಬ್ಬರಿ ಎಣ್ಣೆ, ಮಗುವಿಗೆ ಸ್ವೆಟರು. ಹತ್ತೆಂಟು ಸಾಮಾನುಗಳ ನಡುವೆ ಒಂದು ಟೂತ್ ಬ್ರಷ್ಷು, ಒಂದು ಪೇಸ್ಟು. ಅದನ್ನು ಪಟ್ಟಿಗೆ ಸೇರಿಸಿದ ಅಧಿಕಾರಿ ಯಾರೋ, ಅವರಿಗೆ ಒಂದು ನಮಸ್ಕಾರ. ಕೊಟ್ಟದ್ದು ಹೆರಿಗೆಯಾದ ಮೇಲೆ ಎಂಬುದೊಂದೇ ತಕರಾರು.

ಇನ್ನು ದಂತಭಾಗ್ಯ. 2014-15ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹಲ್ಲು ಉದುರಿದ ಬಡ ಹಿರಿಯರಿಗೆ ದಂತ ಕಾಲೇಜುಗಳಲ್ಲಿ ಪುಕ್ಕಟೆ ಹಲ್ಲುಸೆಟ್ಟು. ಒಳ್ಳೆಯದೇ. ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆಯನ್ನು ಸರ್ಕಾರ ಹೀಗೆ ಅರ್ಥ ಮಾಡಿಕೊಂಡಿತು ಎನ್ನಬೇಕು. ದಂತ ಕಾಲೇಜನ್ನೂ ಬಡವರನ್ನೂ ಒಂದು ಆದೇಶದಿಂದ ಸೇರಿಸಬಹುದು ಎನ್ನುವುದಕ್ಕೆ ದಂತಭಾಗ್ಯವೇ ಸಾಕ್ಷಿ. ಒಂಬತ್ತನೇ ತಾರೀಕಿನಂದು ದಂತ ಕಾಲೇಜಿನ ಇಬ್ಬರು ಹೌಸ್ ಸರ್ಜನ್‌ಗಳು ಕನ್ನಡಿ, ಟಾರ್ಚು ಹಿಡಿದು ಆ ಬೆಂಚಿನ ತುದಿಯಲ್ಲಿ ಕೂತರೆ ಸಿಸ್ಟರ್ ಕೇಳಿದ "ಎಲ್ಲಿಗೆ ಕಳಿಸ್ಲಿ" ಎಂಬ ಪ್ರಶ್ನೆ ಅರ್ಧ ತೀರುತ್ತದೆ. ಉಳಿದರ್ಧ ಆಟೋ ಚಾರ್ಜು.

*

ಹುಡುಗಿಯ ಒಂದು ಹಲ್ಲು ಆರನೇ ತಿಂಗಳಲ್ಲಿ ತುಂಬಿಸಿ ಆಯಿತು. ಭದ್ರಾವತಿಯಿಂದ ಅವಳ ಗಂಡನೇ ಬೈಕ್ ಬೇಡವೆಂದು ಬಸ್ಸಿನಲ್ಲಿ ಕರೆತಂದ, ಅತ್ತೆಗೆ ಸ್ಕ್ಯಾನಿಂಗ್ ಎಂದು ಹೇಳಿದ್ದರಂತೆ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡಿದ್ದಳು, ಅರ್ಧ ಗಂಟೆಯಲ್ಲಿ ಎದ್ದು ಬಂದಳು. ಸಂಜೆ ಎರಡೂ ಬದಿಯಲ್ಲಿ ಜಗಿದು ಊಟ ಮಾಡಿದಳು.

ಇನ್ನೊಂದಕ್ಕೆ ಬೇರಿನ ಚಿಕಿತ್ಸೆ ಬೇಕು, ಮೂರು ನಾಲ್ಕು ಸಲ ಬರಬೇಕು, ಹೆರಿಗೆ ಆದಮೇಲೆ ಮಾಡೋಣ ಎಂದರು. ಹೆರಿಗೆ ಆಯಿತು. ಮೂರು ತಿಂಗಳು ಬಾಣಂತನ, ಹೊರಗೆ ಗಾಳಿಗೆ ಕಳಿಸುವುದಿಲ್ಲ. ಈಗ ಮಗುವಿಗೆ ಐದು ತಿಂಗಳು. ಎರಡು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ, ಡಾಕ್ಟರ ಅಪಾಯಿಂಟ್‌ಮೆಂಟು ಹನ್ನೊಂದಕ್ಕೆ ಎಂದರೆ ಒಳಗೆ ಕರೆಯುವುದು ಹನ್ನೆರಡೂವರೆಗೆ. ಅವಳು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರುವಾಗ ಹೊರಗೆ ಮಗುವನ್ನು ಎತ್ತಿಕೊಂಡು ಓಡಾಡುವವರು ಬೇಕು. ಸೋಮವಾರ ನಾನು ಹೋಗುತ್ತೇನೆ. ಮುಂದಿನ ಮೂರಕ್ಕೆ ಯಾರು ಎಂದು ಭದ್ರಾವತಿಗೆ ಫೋನ್ ಮಾಡಿ ಕೇಳಬೇಕು.